ಬೋಲ್ಟು ಬಾಗಿದರೆ ಗುರಿ ತಪ್ಪುವುದೇ?

ತೋಟದ ಕಾವಲಿಗೆಂದು ಪರವಾನಗಿ ಪಡೆದು ರೈಫಲ್ ಇಟ್ಟುಕೊಂಡಿರುವ ಬೆಳೆಗಾರರು ನಮ್ಮಲ್ಲಿ ಹಲವರಿದ್ದಾರೆ. ಅವರಲ್ಲೊಬ್ಬರು, "ಜೀಪಿನಿಂದ ಕೋವಿ ಕೆಳಗೆ ಬಿದ್ದು ಬೋಲ್ಟು ಸ್ವಲ್ಪ ಬಾಗಿದೆ. ಇದರಿಂದ ಗುರಿ ಕೆಡುತ್ತದೆಯೇ?" ಎಂದು ಕೇಳಿದ್ದಾರೆ. ಪ್ರಶ್ನೆ ಚಿಕ್ಕದಾದರೂ ಉತ್ತರ ಎಲ್ಲರಿಗೂ ಬೇಕಾದದ್ದು. ಏಕೆಂದರೆ ಇಲ್ಲಿ ಕೆಡಬಹುದಾದದ್ದು ಗುರಿ ಮಾತ್ರವಲ್ಲ.

ಮೊದಲು ನೋಡಬೇಕಾದದ್ದು, ಬಾಗಿರುವುದು ಬೋಲ್ಟಿನ ಹಿಡಿಯೋ ಅಥವಾ ಬೋಲ್ಟಿನ ಮೈಯೋ ಎಂಬುದನ್ನು.

ಹಿಡಿ ಮಾತ್ರ ಬಾಗಿದ್ದರೆ ಗುರಿಗೆ ತೊಂದರೆಯಿಲ್ಲ. ಹಿಡಿ ಇರುವುದು ಬೋಲ್ಟನ್ನು ತಿರುಗಿಸಿ ಎಳೆಯುವುದಕ್ಕೆ. ಗುಂಡಿಗೆ ದಾರಿ ತೋರಿಸುವುದು ನಳಿಗೆ. ಜರ್ಮನಿಯ 1898ರ ಮೌಸರ್ ರೈಫಲ್‌ನ ಹಿಡಿ ನೆಟ್ಟಗೆ ಪಕ್ಕಕ್ಕೆ ಚಾಚಿಕೊಂಡಿತ್ತು. 1935ರಲ್ಲಿ ಬಂದ ಗಿಡ್ಡ ಮಾದರಿಯಲ್ಲಿ ಅದನ್ನೇ ಕೆಳಕ್ಕೆ ಬಗ್ಗಿಸಿದರು. ರಷ್ಯಾದ ಮೋಸಿನ್ ರೈಫಲ್‌ಗೆ ದುರ್ಬೀನು ಅಳವಡಿಸುವಾಗಲೂ, ಹಿಡಿ ಅದಕ್ಕೆ ತಾಗದಿರಲೆಂದು ಬಗ್ಗಿಸಿದ ಹಿಡಿಯನ್ನೇ ಹಾಕಿದರು. ಆದರೆ ಎರಡು ಸಂಗತಿಗಳನ್ನು ನೋಡಿಕೊಳ್ಳಬೇಕು. ಹಿಡಿ ಪೂರ್ತಿ ಕೆಳಗೆ ಬಂದು ಕೂರಬೇಕು. ಕುಳಿತಾಗ ಮರಕ್ಕೆ ಒತ್ತಿಕೊಳ್ಳಬಾರದು. ಮರಕ್ಕೆ ಒತ್ತಿಕೊಂಡರೆ ಬೋಲ್ಟು ಪೂರ್ತಿ ಮುಚ್ಚದೆ ಉಳಿಯುವ ಸಂಭವವಿದೆ.

ಮೈ ಬಾಗಿದ್ದರೆ ಮಾತು ಬೇರೆ. ನಮ್ಮವರ ಕೈಯಲ್ಲಿರುವ 315 ಬೋರಿನ ರೈಫಲ್ಲುಗಳು ಹಳೆಯ ಲೀ-ಎನ್‌ಫೀಲ್ಡ್ ಮಾದರಿಯವು. ಇವುಗಳ ಬೋಲ್ಟಿಗೆ ಬೀಗದಂತಿರುವ ಗಟ್ಟಿ ಮುಂಚಾಚುಗಳು ಹಿಂಭಾಗದಲ್ಲಿವೆ. ಎರಡೂ ಕಡೆಯವು ಸಮವಾಗಿ ಆತುಕೊಂಡರೆ ಮಾತ್ರ ಸಿಡಿತದ ಹೊಡೆತ ಸಮವಾಗಿ ಹಂಚಿಹೋಗುತ್ತದೆ. ಬೋಲ್ಟು ಬಾಗಿದಾಗ ಭಾರವೆಲ್ಲ ಒಂದೇ ಕಡೆಗೆ ಬೀಳುತ್ತದೆ. ಪ್ರತಿ ಈಡಿಗೂ ಕೋವಿ ಒಂದೇ ರೀತಿ ಅದುರುವುದಿಲ್ಲ; ಗುಂಡುಗಳು ಚದರುತ್ತವೆ. ಮೂವತ್ತು ನಲವತ್ತು ಗಜದಲ್ಲಿ ಈ ವ್ಯತ್ಯಾಸ ಗಮನಕ್ಕೆ ಬಾರದೆಯೂ ಹೋಗಬಹುದು. ಅಪಾಯ ಇರುವುದು ಅಲ್ಲೇ. ಗುರಿ ಸರಿಯಾಗಿದೆಯೆಂದು ನಾವು ಅದೇ ಕೋವಿಯನ್ನು ಬಳಸುತ್ತಲೇ ಇರುತ್ತೇವೆ.

ಜೀಪಿನ ಟೈರಿನಲ್ಲಿ ಚದರ ಇಂಚಿಗೆ ಸುಮಾರು 30 ಪೌಂಡ್ ಒತ್ತಡವಿರುತ್ತದೆ. ರೈಫಲ್ ತೋಟಾ ಸಿಡಿದಾಗ ನಳಿಗೆಯೊಳಗೆ ಉಂಟಾಗುವುದು ಹತ್ತಾರು ಸಾವಿರ ಪೌಂಡ್ ಒತ್ತಡ. ಅದನ್ನು ತಡೆದು ನಿಲ್ಲಿಸುವುದು ಈ ಬೋಲ್ಟೇ. ಅದರ ಹಿಂದೆ, ಒಂದು ಗೇಣಿನೊಳಗೆ, ಇರುವುದು ನಮ್ಮ ಕಣ್ಣು.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳು ಹೀಗಿವೆ. ಮೊದಲು ಕೋವಿಯಲ್ಲಿ ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತ ಮಾಡಿಕೊಳ್ಳಿ.

1. ಬೋಲ್ಟನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಿ. ಒಂದೇ ಜಾಗದಲ್ಲಿ ಬಿಗಿಯುತ್ತದೆಯೇ, ಮೈಮೇಲೆ ಒಂದೇ ಪಕ್ಕದಲ್ಲಿ ಹೊಸದಾಗಿ ಉಜ್ಜಿದ ಹೊಳಪಿದೆಯೇ ನೋಡಿ.

2. ಬೋಲ್ಟನ್ನು ಹೊರತೆಗೆದು, ಮುಂಚಾಚುಗಳ ಹಿಂಬದಿಗೆ ಸೀಮೆಎಣ್ಣೆ ದೀಪದ ಮಸಿಯನ್ನು ತೆಳ್ಳಗೆ ಸವರಿ, ಮತ್ತೆ ಹಾಕಿ ಮುಚ್ಚಿ ತೆರೆಯಿರಿ. ಒಂದು ಕಡೆಯ ಮಸಿ ಮಾತ್ರ ಅಳಿಸಿದ್ದರೆ ಸಂಶಯಪಡಬೇಕು. ಆಮೇಲೆ ಮಸಿಯನ್ನು ಪೂರ್ತಿ ಒರೆಸಿ.

3. ಹಿಂದೆ ಹಾರಿಸಿದ ಖಾಲಿ ತೋಟಾಗಳಿದ್ದರೆ ನೋಡಿ. ಸೂಜಿಯ ಗುರುತು ಕೇಪಿನ ನಡುವಿನಿಂದ ಸರಿದಿದ್ದರೆ, ಬುಡದ ಸುತ್ತ ಬಿರುಕು ಅಥವಾ ಹೊಗೆಯ ಕಲೆ ಇದ್ದರೆ, ಆ ಕೋವಿಯನ್ನು ಹಾರಿಸಕೂಡದು. ಪರೀಕ್ಷೆಗೆಂದೂ ಹಾರಿಸಕೂಡದು.

ಈ ಪರೀಕ್ಷೆಗಳು ಸಂಶಯವನ್ನು ಹುಟ್ಟಿಸಬಲ್ಲವೇ ಹೊರತು ಕೋವಿ ಸರಿಯಿದೆಯೆಂದು ಖಾತರಿ ಕೊಡಲಾರವು. ಕೋವಿ ಜೋರಾಗಿ ಬಿದ್ದಿದ್ದರೆ ತಿಳಿದವರಿಗೆ ತೋರಿಸುವುದೇ ಸರಿ.

ಬಾಗಿದ ಬೋಲ್ಟನ್ನು ಕುಲುಮೆಯಲ್ಲಿ ಕಾಯಿಸಿ ಬಡಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬೆಂಕಿಗೆ ಬಿದ್ದ ಕತ್ತಿ ಹದ ಕಳೆದುಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಬೋಲ್ಟಿನ ಉಕ್ಕಿಗೂ ಅದೇ ಗತಿ. ನೋಟಕ್ಕೆ ನೆಟ್ಟಗಾಗುತ್ತದೆ, ಶಕ್ತಿ ಹೋಗಿರುತ್ತದೆ. ಅಲ್ಲದೆ 1959ರ ಆಯುಧ ಕಾಯಿದೆಯಂತೆ ಕೋವಿ ರಿಪೇರಿ ಮಾಡುವವರಿಗೂ ಪರವಾನಗಿ ಇರಬೇಕು. ಬೇರೊಂದು ರೈಫಲ್‌ನ ಬೋಲ್ಟನ್ನು ತಂದು ತುರುಕುವುದೂ ಸಲ್ಲದು. ಪ್ರತಿ ಬೋಲ್ಟನ್ನೂ ಅದರದೇ ಕೋವಿಗೆ ಹೊಂದಿಸಿರುತ್ತಾರೆ. ಚುನಾವಣೆ ಕಾಲದಲ್ಲಿ ಠೇವಣಿಯಿಟ್ಟ ಕೋವಿಯನ್ನು ವಾಪಸು ತರುವಾಗ ಬೋಲ್ಟಿನ ನಂಬರನ್ನೂ ಕೋವಿಯ ನಂಬರನ್ನೂ ತಾಳೆ ನೋಡುವುದು ಒಳ್ಳೆಯ ಅಭ್ಯಾಸ.

ಮಳೆಗಾಲಕ್ಕೆ ಇನ್ನೊಂದು ಮಾತು. ತುಕ್ಕು ಹಿಡಿಯದಿರಲೆಂದು ಹಚ್ಚಿದ ಎಣ್ಣೆಯನ್ನು ತೋಟಾ ಕೂರುವ ಜಾಗದಿಂದ ಒರೆಸಿ ತೆಗೆಯಿರಿ. ಅಲ್ಲಿ ಎಣ್ಣೆ ಅಥವಾ ನೀರಿದ್ದರೆ ತೋಟಾ ಗೋಡೆಗೆ ಹಿಡಿದು ನಿಲ್ಲದೆ ಹಿಂದಕ್ಕೆ ಜಾರಿ, ಬೋಲ್ಟಿನ ಮೇಲೆ ಹೆಚ್ಚಿನ ಹೊರೆ ಹಾಕುತ್ತದೆ. ತೋಟಾ ಸಿಕ್ಕಿಕೊಂಡಾಗ ಸೌದೆಯಿಂದ ಹಿಡಿಯನ್ನು ಬಡಿಯಲೂಬೇಡಿ.

ಕಾಡುಹಂದಿ ಒಂದು ರಾತ್ರಿ ಹಾಳುಮಾಡಿದ್ದನ್ನು ಮತ್ತೆ ನೆಡಬಹುದು, ಹೋದ ಕಣ್ಣನ್ನು ನೆಡಲಾಗದು. ಸಂಶಯವಿದ್ದ ಕೋವಿ ಮೂಲೆಯಲ್ಲಿರಲಿ.