ಆರ್ದ್ರೆಯ ನೆಲದಡಿಯ ಕಲ್ಲುಗಳು

ಸ್ಟಾಕ್‌ಹೋಮ್‌ನ ಇತಿಹಾಸ ಮ್ಯೂಸಿಯಂನಲ್ಲಿ ಆ ಕಲ್ಲಿನ ಮುಂದೆ ನಿಂತಾಗ ಮೊದಲು ಕಣ್ಣಿಗೆ ಬಿದ್ದದ್ದು ಕುದುರೆಯ ಕಾಲುಗಳು. ಎಣಿಸಿದೆ, ಎಂಟಿದ್ದವು. ಅದು ಸ್ಲೇಪ್ನಿರ್, ನಾರ್ಸ್ ಪುರಾಣದ ಹಿರಿಯ ದೇವರು ಓಡಿನ್‌ನ ಕುದುರೆ. ಮೇಲೆ ಕುಳಿತವನು ಓಡಿನ್ನೇ ಎನ್ನುವವರಿದ್ದಾರೆ. ಯುದ್ಧದಲ್ಲಿ ಮಡಿದು ವೀರಸ್ವರ್ಗಕ್ಕೆ ಹೊರಟ ಯೋಧ ಎನ್ನುವವರೂ ಇದ್ದಾರೆ. ಅವನ ಕೆಳಗೆ ಹಾಯಿ ಬಿಚ್ಚಿದ ಹಡಗು. ಇನ್ನೂ ಕೆಳಗೆ ಒಂದು ಕುಲುಮೆ, ಅದರ ಪಕ್ಕ ತಲೆಯಿಲ್ಲದ ಎರಡು ದೇಹಗಳು, ಹಾರಿಹೋಗುತ್ತಿರುವ ಒಂದು ಹಕ್ಕಿ. ಕಾಲಿನ ನರ ಕತ್ತರಿಸಿ ತನ್ನನ್ನು ಸೆರೆಯಲ್ಲಿಟ್ಟ ರಾಜನ ಇಬ್ಬರು ಮಕ್ಕಳನ್ನು ಕೊಂದು, ಹಕ್ಕಿಯಾಗಿ ತಪ್ಪಿಸಿಕೊಂಡ ಕಮ್ಮಾರ ವೋಲುಂಡ್‌ನ ಕಥೆಯಿದು.

ಈ ಕಲ್ಲಿನ ಹೆಸರು ‘ಆರ್ದ್ರೆ 8’. ಬಾಲ್ಟಿಕ್ ಸಮುದ್ರದ ಗಾಟ್‌ಲ್ಯಾಂಡ್ ದ್ವೀಪದ ಆರ್ದ್ರೆ ಎಂಬ ಊರಿನದು. 1900ರಲ್ಲಿ ಅಲ್ಲಿನ ಚರ್ಚ್ ದುರಸ್ತಿ ಮಾಡುವಾಗ ಮರದ ನೆಲಹಾಸಿನ ಅಡಿಯಲ್ಲಿ ಸಿಕ್ಕಿತು. ಜೊತೆಗೆ ಇನ್ನೂ ಹಲವು ಕಲ್ಲುಗಳು ಸಿಕ್ಕವು. ಎಲ್ಲವೂ ನೆಲಕ್ಕೆ ಹಾಸಿದ ಚಪ್ಪಡಿಗಳಾಗಿದ್ದವು. ಕಲ್ಲನ್ನು ನೋಡಿಯಾದ ಮೇಲೆ ಅದು ಮಲಗಿದ್ದ ಜಾಗವನ್ನೂ ನೋಡಲೇಬೇಕೆನಿಸಿತು.

ನೀನೇಸ್‌ಹಾಮ್ನ್ ಬಂದರಿನಿಂದ ಹಡಗಿನಲ್ಲಿ ಮೂರು ಗಂಟೆಗೆ ಸ್ವಲ್ಪ ಮೇಲೆ ಪ್ರಯಾಣ ಮಾಡಿದರೆ ವಿಸ್ಬಿ ಪಟ್ಟಣ. ಸುತ್ತ ಸುಮಾರು ಮೂರೂವರೆ ಕಿಲೋಮೀಟರ್ ಉದ್ದದ ಕೋಟೆಗೋಡೆ. ಒಳಗೆ ಕಲ್ಲುಹಾಸಿನ ಇಕ್ಕಟ್ಟಾದ ಬೀದಿಗಳು, ಸೂರಿಲ್ಲದೆ ನಿಂತ ಹಳೆಯ ಚರ್ಚುಗಳು. ದ್ವೀಪವೇ ಸುಣ್ಣಕಲ್ಲಿನದು. ಅಗೆದರೆ ಚಪ್ಪಡಿಯಾಗಿ ಏಳುವ ಕಲ್ಲು ಇಲ್ಲಿನ ಮನೆಗೂ ಗೋಡೆಗೂ ಗೋರಿಗೂ ಒದಗಿದೆ. ಆರ್ದ್ರೆಯದರಂತೆ ಚಿತ್ರ ಕೆತ್ತಿದ ಚಿತ್ರಶಿಲೆಗಳೂ ಬಹುಪಾಲು ಅದರವೇ. ಕ್ರಿ.ಶ. 400ರ ಸುಮಾರಿನಿಂದ 1100ರವರೆಗೆ, ಏಳುನೂರು ವರ್ಷ, ಇಲ್ಲಿನ ಜನ ಸತ್ತವರ ನೆನಪಿಗೆ ಇವನ್ನು ನಿಲ್ಲಿಸುತ್ತ ಬಂದರು. ಈವರೆಗೆ ಸಿಕ್ಕಿರುವುದು ತುಂಡುಗಳೂ ಸೇರಿ ನಾನೂರಕ್ಕೂ ಹೆಚ್ಚು. ಗಾಟ್‌ಲ್ಯಾಂಡ್‌ನ ಹೊರಗೆ ಇಂಥವು ತೀರ ಅಪರೂಪ.

ಸ್ಟ್ರಾಂಡ್‌ಗಾತಾನ್ ಬೀದಿಯ ಗಾಟ್‌ಲ್ಯಾಂಡ್ ಮ್ಯೂಸಿಯಂ 1875ರಲ್ಲಿ ಶುರುವಾದದ್ದು. ಚಿತ್ರಶಿಲೆಗಳಿಗೆಂದೇ ಅಲ್ಲೊಂದು ಸಭಾಂಗಣವಿದೆ. ಒಳಗೆ ಕಾಲಿಟ್ಟರೆ ತಲೆ ತಾನಾಗಿ ಮೇಲೇಳುತ್ತದೆ. ಸಾಂಡಾ ಊರಿನ ಚರ್ಚಿನ ಆವರಣದಿಂದ ಬಂದ ಕಲ್ಲಂತೂ ಮೂರು ಮೀಟರಿಗೂ ಎತ್ತರ. ನೆತ್ತಿಯಲ್ಲಿ ಸುಳಿಸುಳಿಯಾಗಿ ತಿರುಗುವ ದೊಡ್ಡ ಚಕ್ರ, ಕೆಳಗೆ ಹಾವು ಸುತ್ತಿದ ಎರಡು ಚಿಕ್ಕ ಬಿಂಬಗಳು, ಒಂದು ಮರ, ಒಂದು ವಿಕಾರ ಪ್ರಾಣಿ, ತಳದಲ್ಲಿ ಹುಟ್ಟು ಹಾಕುವವರಿಂದ ತುಂಬಿದ ದೋಣಿ. ಮೊದಲ ಕಾಲದ ಶಿಲೆಗಳ ಗುರುತು ಇದೇ: ಮೇಲೆ ಸೂರ್ಯನಂಥ ಚಕ್ರ, ಕೆಳಗೆ ಹಾಯಿಯಿಲ್ಲದ ದೋಣಿ. ಎಂಟನೆಯ ಶತಮಾನದ ಹೊತ್ತಿಗೆ ಕಲ್ಲಿನ ಆಕಾರ ಅಣಬೆಯಂತಾಗುತ್ತದೆ, ಅಂಚಿಗೆ ಜಡೆ ಹೆಣೆದಂಥ ಪಟ್ಟಿ ಬರುತ್ತದೆ, ದೋಣಿ ಹೋಗಿ ಚೌಕುಳಿ ಹಾಯಿಯ ಹಡಗು ಬರುತ್ತದೆ. ಬಾಲ್ಟಿಕ್ ಜನ ಹುಟ್ಟು ಬಿಟ್ಟು ಹಾಯಿ ಕಟ್ಟಿದ ಕಾಲವನ್ನು ಹುಡುಕುವವರಿಗೆ ಈ ಕಲ್ಲುಗಳೇ ಸಾಕ್ಷಿ.

ಎದುರಿಗೆ ನಿಂತರೆ ಚಿತ್ರ ಅಷ್ಟಾಗಿ ಕಾಣುವುದಿಲ್ಲ. ಕಲ್ಲುಕುಟಿಗರು ಹಿನ್ನೆಲೆಯನ್ನು ಕೆಲವೇ ಮಿಲಿಮೀಟರ್ ಕೆತ್ತಿ ತಗ್ಗಿಸಿ ಆಕೃತಿಗಳನ್ನು ಉಳಿಸಿದ್ದಾರೆ. ಪಕ್ಕಕ್ಕೆ ಸರಿದು, ಓರೆಯಾಗಿ ಬಿದ್ದ ಬೆಳಕಿನಲ್ಲಿ ನೋಡಿದೆ. ಬರೀ ಕಲ್ಲೆಂದುಕೊಂಡಿದ್ದ ಕಡೆ ಒಬ್ಬ ಹೆಂಗಸು ಎದ್ದುಬಂದಳು. ಉದ್ದ ಲಂಗ, ಬೆನ್ನಿಗೆ ಇಳಿದ ಜಡೆ, ಕುದುರೆ ಸವಾರನತ್ತ ಚಾಚಿದ ಕೈಯಲ್ಲಿ ಪಾನದ ಕೊಂಬು. ಸತ್ತು ಬಂದ ವೀರನನ್ನು ಅವಳು ಎದುರುಗೊಳ್ಳುತ್ತಿದ್ದಾಳೆ. ನಮ್ಮ ವೀರಗಲ್ಲು ನೆನಪಾಗದೆ ಇರಲಿಲ್ಲ: ಕೆಳಗೆ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಒಬ್ಬರನ್ನೊಬ್ಬರು ಕೇಳಿಯೂ ಅರಿಯದ ಎರಡು ನಾಡುಗಳು ಅದೇ ಶತಮಾನಗಳಲ್ಲಿ ಸಾವಿನ ಮುಂದೆ ಕಲ್ಲು ನಿಲ್ಲಿಸಿ ಒಂದೇ ಬಗೆಯ ಸಮಾಧಾನ ಹೇಳಿಕೊಂಡಿವೆ.

ಸುನೆ ಲಿಂಡ್‌ಕ್ವಿಸ್ಟ್ ಎಂಬ ವಿದ್ವಾಂಸರು 1941-42ರಲ್ಲಿ ಈ ಕಲ್ಲುಗಳ ಬಗ್ಗೆ ದೊಡ್ಡ ಗ್ರಂಥ ತಂದರು. ಫೋಟೊದಲ್ಲಿ ಕಾಣಲೆಂದು ತಾವು ಕಂಡ ಗೆರೆಗಳಿಗೆ ಬಣ್ಣ ತುಂಬಿದರು. ಮುಂದಿನವರೆಲ್ಲ ಬಹುಕಾಲ ಆ ಗೆರೆಗಳನ್ನೇ ಓದಿದರು. ಈಗ ಹಲವು ಕೋನಗಳಿಂದ ಬೆಳಕು ಬಿಟ್ಟು, ಕಂಪ್ಯೂಟರಿನಲ್ಲಿ ಮೇಲ್ಮೈಯನ್ನು ಅಳೆದು ಮತ್ತೆ ಓದುತ್ತಿದ್ದಾರೆ. ಓದು ಇನ್ನೂ ಮುಗಿದಿಲ್ಲ.

ವಿಸ್ಬಿಯಿಂದ ಈಶಾನ್ಯಕ್ಕೆ ಹೊರಟರೆ ಬ್ರೋ ಊರು. ರಸ್ತೆಯ ಬದಿಯಲ್ಲೇ ಎರಡು ಚಿತ್ರಶಿಲೆಗಳು ನಿಂತಿವೆ. ಕ್ರಿಸ್ಮಸ್ ಪ್ರಾರ್ಥನೆಗೆ ಹೋಗುತ್ತ ದಾರಿಯಲ್ಲಿ ಜಗಳವಾಡಿದ ಇಬ್ಬರು ಮುದುಕಿಯರು ಕಲ್ಲಾದರು ಎಂಬುದು ಊರ ಕಥೆ. ಮಳೆ, ಹಿಮ, ಸಮುದ್ರದ ಗಾಳಿಗೆ ಚಿತ್ರಗಳು ಸವೆದುಹೋಗಿವೆ. ಕೈಯಾಡಿಸಿದರೆ ಬೆರಳಿಗೆ ಸಿಕ್ಕಿದ್ದು ಕಲ್ಲುಹೂವು ಮಾತ್ರ. ಚರ್ಚಿನ ದಕ್ಷಿಣ ಗೋಡೆಯಲ್ಲಿ ಇನ್ನೊಂದು ಬಗೆಯ ಮರುಬಳಕೆ ಕಾಣುತ್ತದೆ: ಅಲ್ಲೇ ಇದ್ದ ಹಳೆಯ ಚರ್ಚಿನ ಉಬ್ಬುಚಿತ್ರಗಳನ್ನು ಹೊಸ ಗೋಡೆಗೆ ಸೇರಿಸಿದ್ದಾರೆ.

ದ್ವೀಪದಲ್ಲಿ ಮಧ್ಯಯುಗದ ಚರ್ಚುಗಳು 92 ಇವೆ. ಹೊಸದಾಗಿ ಬಂದ ಕ್ರೈಸ್ತ ಧರ್ಮ ಇಲ್ಲಿ ಸಲೀಸಾಗಿ ಬೇರೂರಲಿಲ್ಲ. ಬೋತೈರ್ ಎಂಬಾತ ಕಟ್ಟಿಸಿದ ಮೊದಲ ಚರ್ಚನ್ನು ದ್ವೀಪದವರು ಸುಟ್ಟರೆಂದೂ, ಎರಡನೆಯದು ಉಳಿಯಿತೆಂದೂ ದ್ವೀಪದ ಹಳೆಯ ಕಥನ ‘ಗುತಾ ಸಾಗಾ’ ಹೇಳುತ್ತದೆ. ಆಮೇಲೆ ಊರೂರಲ್ಲಿ ಕಲ್ಲಿನ ಚರ್ಚುಗಳು ಎದ್ದವು. ಕಟ್ಟುವವರಿಗೆ ಬೇಕಿದ್ದದ್ದು ಸಮತಟ್ಟಾದ ದೊಡ್ಡ ಚಪ್ಪಡಿ. ಅಜ್ಜಂದಿರು ತಟ್ಟಿ ನಯಮಾಡಿಟ್ಟಿದ್ದು ಹೊಲದಲ್ಲೇ ನಿಂತಿತ್ತು. ನಮ್ಮ ಹಳ್ಳಿಗಳಲ್ಲಿ ವೀರಗಲ್ಲು ಬಟ್ಟೆ ಒಗೆಯುವ ಕಲ್ಲಾದ ಬಗೆ ಕಂಡವರಿಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಹಳೆಯ ದೇವರನ್ನು ಕಾಲಡಿಗೆ ಹಾಕುವ ಉದ್ದೇಶವೂ ಇತ್ತು ಎನ್ನುವ ವಿದ್ವಾಂಸರಿದ್ದಾರೆ. ಸತ್ತ ಹಿರಿಯರನ್ನು ಹೊಸ ದೇವರ ಮನೆಯೊಳಗೆ ಕರೆತಂದರು ಎನ್ನುವವರೂ ಇದ್ದಾರೆ. ಎರಡನೆಯ ಮಾತನ್ನು ನಂಬಲು ನನಗೆ ಮನಸ್ಸಾಗುತ್ತದೆ. ಅದಕ್ಕೆ ಕಾರಣ ಆರ್ದ್ರೆಯಲ್ಲೇ ಇದೆ.

ಪೂರ್ವ ಕರಾವಳಿಯ ಲ್ಯೂಗಾರ್ನ್ ಹಳ್ಳಿಗೆ ಹೋಗುವವರು ಹತ್ತಿರದ ಆರ್ದ್ರೆಗೂ ಹೋಗಬಹುದು. ಕಾರು ಬಾಡಿಗೆಗೆ ಹಿಡಿಯುವುದು ಒಳ್ಳೆಯದು. ಬೇಸಿಗೆಯಲ್ಲಿ ಸೈಕಲ್ಲೂ ಆದೀತು. ಹೊಲಗಳ ನಡುವೆ ಚರ್ಚು, ಸುತ್ತ ಗೋರಿಗಳು. ಬಾಗಿಲು ದಾಟಿದ ಕೂಡಲೇ ತಣ್ಣನೆಯ ಗಾಳಿ ಮುಖಕ್ಕೆ ತಾಗಿತು. ಕಣ್ಣು ನೆಲದ ಮೇಲೇ ಇತ್ತು.

ಇಲ್ಲಿ ಸಿಕ್ಕ ಕಲ್ಲುಗಳಲ್ಲಿ ಎಲ್ಲವೂ ಓಡಿನ್ ಕಾಲದವಲ್ಲ. ಕೆಲವು ಹನ್ನೊಂದನೆಯ ಶತಮಾನದವು. ಪೆಟ್ಟಿಗೆಯ ಆಕಾರದಲ್ಲಿ ಜೋಡಿಸಿದ ಸ್ಮಾರಕದ ಭಾಗಗಳವು. ಅಂಚಿನುದ್ದಕ್ಕೂ ರೂನ್ ಅಕ್ಷರಗಳು, ಅಲ್ಲಲ್ಲಿ ಕೆಂಪು ಬಣ್ಣದ ಗುರುತು. ಒಂದರ ಮೇಲಿನ ಬರಹ ಇಷ್ಟನ್ನು ತಿಳಿಸುತ್ತದೆ: ಸಿಬ್ಬ ಎಂಬವನು ಹೆಂಡತಿ ರೋಡಿಯೌಡ್‌ಳ ನೆನಪಿಗೆ ಈ ಕಲ್ಲು ನಿಲ್ಲಿಸಿದ್ದಾನೆ, ಎಳೆಯ ಮಕ್ಕಳನ್ನು ಬಿಟ್ಟು ಅವಳು ಚಿಕ್ಕ ವಯಸ್ಸಿಗೇ ತೀರಿಕೊಂಡಳು. ಅದರಲ್ಲಿ ಯುದ್ಧವಿಲ್ಲ, ಎಂಟು ಕಾಲಿನ ಕುದುರೆಯಿಲ್ಲ. ಒಬ್ಬ ಗಂಡನ ದುಃಖವನ್ನು ಕಲ್ಲುಕುಟಿಗ ಅಕ್ಷರ ಅಕ್ಷರವಾಗಿ ಕೊರೆದಿದ್ದಾನೆ.

ಅವಳ ಕಲ್ಲನ್ನು ಇಲ್ಲಿ ಹಾಸಿದವರು ಅವಳ ಮಕ್ಕಳ ಮೊಮ್ಮಕ್ಕಳ ಊರಿನವರು. ಬ್ರೋ ರಸ್ತೆಯ ಕಲ್ಲುಗಳು ಆಕಾಶದಡಿ ನಿಂತು ಸವೆದವು. ಇವು ಸೂರಿನಡಿ ಮಲಗಿ ಉಳಿದವು. ಬರೆದದ್ದು ಯಾರಾದರೂ ಓದಲಿ ಎಂದೇ ಸಿಬ್ಬ ಅದನ್ನು ನಿಲ್ಲಿಸಿದ್ದ. ಚರ್ಚಿನಲ್ಲಿ ಆಗ ಬೇರೆ ಯಾರೂ ಇರಲಿಲ್ಲ. ರೋಡಿಯೌಡ್ ಎಂದು ಒಮ್ಮೆ ಗಟ್ಟಿಯಾಗಿ ಹೇಳಿ, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದೆ.