ಹುನಗುಂದಕ್ಕೆ ‘ದಿ’ ಬಂದ ದಾರಿ

ಫ್ರೆಂಚ್ ಫಾರಿನ್ ಲೀಜನ್ನಿನ ಸೈನಿಕರ ಸಾಹಸ ಹೇಳುವ ‘ಬೋ ಜೆಸ್ಟ್’ 1924ರಲ್ಲಿ ಪ್ರಕಟವಾಗಿ ದೇಶವಿದೇಶಗಳಲ್ಲಿ ಹೆಸರು ಮಾಡಿತು. ಹಾಲಿವುಡ್ ಅದನ್ನು ಸಿನಿಮಾ ಮಾಡಿತು. ಬರೆದವರು ಪರ್ಸಿವಲ್ ಕ್ರಿಸ್ಟೋಫರ್ ರೆನ್. ನಮ್ಮ ಕಡೆಯ ಮೂರು ತಲೆಮಾರಿನ ವಿದ್ಯಾರ್ಥಿಗಳಿಗೆ ವ್ಯಾಕರಣ ಉಣಿಸಿದ ‘ರೆನ್ ಅಂಡ್ ಮಾರ್ಟಿನ್’ ಪುಸ್ತಕದ ರೆನ್ ಇವರೇ ಎಂದು ತಿಳಿದಾಗ ನಾನು ಬೆರಗಾದೆ. ಕಾದಂಬರಿಕಾರರಾಗಿ ಹೆಸರಾಗುವ ಮೊದಲು ಅವರು ಮುಂಬಯಿ ಪ್ರಾಂತದ ಶಿಕ್ಷಣ ಖಾತೆಯಲ್ಲಿದ್ದರು, ಕರಾಚಿಯ ಹೈಸ್ಕೂಲಿನಲ್ಲಿ ಮುಖ್ಯಾಧ್ಯಾಪಕರಾಗಿದ್ದರು. ಆಗ ಹುನಗುಂದ ವಿಜಾಪುರ ಜಿಲ್ಲೆಯ ತಾಲೂಕು. ಕರಾಚಿಯಂತೆ ಅದೂ ಮುಂಬಯಿಗೇ ಸೇರಿತ್ತು.

ಇಂಗ್ಲಿಷಿನ ಆರ್ಟಿಕಲ್ ವಿಷಯದಲ್ಲಿ ರೆನ್ ಪುಸ್ತಕ ಹೇಳಿದ್ದು ಸರಿಯಾಗಿಯೇ ಇತ್ತು. ‘ಎ’ ಬೇಕೋ ‘ಆ್ಯನ್’ ಬೇಕೋ ಎಂಬುದನ್ನು ಮುಂದಿನ ಪದದ ಉಚ್ಚಾರ ನಿರ್ಧರಿಸುತ್ತದೆ, ಅಕ್ಷರವಲ್ಲ. ಆದ್ದರಿಂದ ‘ಎ ಯೂನಿವರ್ಸಿಟಿ’, ‘ಆ್ಯನ್ ಅವರ್’. ಹಳ್ಳಿ ಶಾಲೆಯ ಕರಿಹಲಗೆಗೆ ಬರುವಷ್ಟರಲ್ಲಿ ಇದು ‘ಎ, ಇ, ಐ, ಓ, ಯು ಇದ್ದರೆ ಆ್ಯನ್’ ಎಂಬ ಬಾಯಿಪಾಠವಾಯಿತು. ಹುಡುಗರು ‘ಆ್ಯನ್ ಯೂನಿವರ್ಸಿಟಿ’ ಎಂದು ಬರೆದು ಅಂಕ ಕಳೆದುಕೊಂಡರು. ಅದು ಹುಡುಗರ ದಡ್ಡತನವಲ್ಲ.

ಹಿಂದೆ ಕನ್ನಡ ನಾಲ್ಕನೆಯ ಇಯತ್ತೆ ಮುಗಿಸಿದವರು ಇಂಗ್ಲಿಷ್ ಶಾಲೆಗೆ ಸೇರಿ, ಏಳು ವರ್ಷ ಓದಿ ಮೆಟ್ರಿಕ್‌ಗೆ ಕೂಡುತ್ತಿದ್ದರು. ಉಳಿದವರದು ಮುಲ್ಕಿ ಪರೀಕ್ಷೆ, ಆಮೇಲೆ ಮಾಸ್ತರಿಕೆಯೋ ತಲಾಠಿ ಕೆಲಸವೋ. ಸ್ವಾತಂತ್ರ್ಯದ ಹೊಸತರಲ್ಲಿ ಬಿ.ಜಿ. ಖೇರ್ ಅವರ ಮುಂಬಯಿ ಸರಕಾರ 5ರಿಂದ 7ರವರೆಗಿನ ಇಂಗ್ಲಿಷನ್ನು ತೆಗೆದು 8ನೆಯ ತರಗತಿಯಿಂದ ಆರಂಭಿಸಿತು. ಮಾತೃಭಾಷೆ ಗಟ್ಟಿಯಾಗಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ 11ನೆಯ ತರಗತಿಯ ಎಸ್ಸೆಸ್ಸಿಗೆ ಉಳಿದದ್ದು ನಾಲ್ಕೇ ವರ್ಷ, ಪರೀಕ್ಷೆ ಮಾತ್ರ ಇಂಗ್ಲಿಷಿನಲ್ಲಿ ಪ್ರಬಂಧ ಬೇಡುತ್ತಿತ್ತು. ಆ ಅವಸರದಲ್ಲಿ ಕಿವಿಯಿಂದ ಕಲಿಯಬೇಕಾದದ್ದು ಸೂತ್ರವಾಗಿ ಕುಗ್ಗಿತು ಎಂಬುದು ನನ್ನ ತೀರ್ಮಾನ. 1956ರಲ್ಲಿ ಹುನಗುಂದ ಮೈಸೂರು ರಾಜ್ಯಕ್ಕೆ ಸೇರಿತು, 1997ರಲ್ಲಿ ಬಾಗಲಕೋಟೆ ಜಿಲ್ಲೆಗೆ. ಸೂತ್ರ ಬದಲಾಗಲಿಲ್ಲ.

ನನಗೆ ಇನ್ನೂ ಹೆಚ್ಚು ಬೇಸರ ತರುವುದು ಬೇರೊಂದು ಮಾತು. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಅದಕ್ಕೇ ನಮ್ಮವರಿಗೆ ಅದು ಹತ್ತುವುದಿಲ್ಲ ಎನ್ನುತ್ತಾರೆ. ಪ್ರತ್ಯೇಕ ಪದ ಇಲ್ಲ, ನಿಜ. ಆದರೆ ‘ಇಳಕಲ್ಲಿಗೆ ಹೋಗಿ ಸೀರಿ ತಂದೆ, ಆ ಸೀರಿ ಅವ್ವಗ ಕೊಟ್ಟೆ’ ಎನ್ನುವ ಹುಡುಗಿಗೆ ಮೊದಲ ಸೀರೆ ಕೇಳುವವರಿಗೆ ಹೊಸದು, ಎರಡನೆಯದು ಗೊತ್ತಾದದ್ದು ಎಂಬ ಭೇದ ತಿಳಿದೇ ಇದೆ. ‘ಪುಸ್ತಕ ಓದಿದೆ’, ‘ಪುಸ್ತಕವನ್ನು ಓದಿದೆ’ ಎಂಬಲ್ಲಿ ದ್ವಿತೀಯಾ ವಿಭಕ್ತಿ ಎಷ್ಟೋ ಸಲ ಇದೇ ಕೆಲಸ ಮಾಡುತ್ತದೆ. ಇಂಗ್ಲಿಷಿನ ‘ದಿ’ ಹುಟ್ಟಿದ್ದೂ ‘ಆ’ ಎಂದು ತೋರಿಸುವ ಹಳೆಯ ಸರ್ವನಾಮದಿಂದ, ‘ಆ್ಯನ್’ ಹುಟ್ಟಿದ್ದು ‘ಒಂದು’ ಎಂಬ ಸಂಖ್ಯೆಯಿಂದ. ಕಲಿಸುವವರು ಇಲ್ಲಿಂದ ಹೊರಟಿದ್ದರೆ ಅರ್ಧ ದಾರಿ ಸವೆದಿರುತ್ತಿತ್ತು.

ಕೆಲವು ಕಟ್ಟಳೆಗಳನ್ನು ರೂಢಿಯಿಂದಲೇ ಕಲಿಯಬೇಕು. ಅದಕ್ಕೂ ಉದಾಹರಣೆ ಊರಲ್ಲೇ ಇದೆ. ಕೃಷ್ಣೆಗೂ ಮಲಪ್ರಭೆಗೂ ‘ದಿ’ ಬೇಕು, ಅವೆರಡೂ ಕೂಡುವ ಕೂಡಲಸಂಗಮಕ್ಕೆ ಬೇಡ. ಐಹೊಳೆಗೂ ಬೇಡ. ಥೇಮ್ಸ್ ನದಿಯ ಉದಾಹರಣೆ ಕೊಟ್ಟು ಮಕ್ಕಳನ್ನು ಯಾಕೆ ದೂರ ಕಳಿಸಬೇಕು?

ಸೂತ್ರದ ಹಿಡಿತ ಸಡಿಲಿಸುವ ಒಂದು ದೊಡ್ಡ ಪ್ರಯತ್ನವೂ ನಡೆದಿತ್ತು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣಪಾಠ ಬದಿಗಿಟ್ಟು, ನಕ್ಷೆ, ರೈಲಿನ ವೇಳಾಪಟ್ಟಿಗಳಂಥ ಸಮಸ್ಯೆಗಳನ್ನು ಬಿಡಿಸುತ್ತ ಇಂಗ್ಲಿಷ್ ಕಲಿಯುವ ಪ್ರಯೋಗ ಮಾಡಿದರು. ಅದು ‘ಬೆಂಗಳೂರು ಯೋಜನೆ’ ಎಂದು ಜಗತ್ತಿನ ಭಾಷಾಬೋಧಕರಲ್ಲಿ ಪ್ರಸಿದ್ಧ. ನಮ್ಮ ತರಗತಿಗಳಲ್ಲಿ ಇಂದಿಗೂ ಕೇಳುವುದು ‘ಎ, ಇ, ಐ, ಓ, ಯು’.

2007ರಿಂದ ನಮ್ಮ ರಾಜ್ಯದ ಸರಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಇದೆ. ನಾಲ್ಕೇ ವರ್ಷದ ನೆವ ಈಗ ಉಳಿದಿಲ್ಲ. ಹುನಗುಂದದ ಮಾಸ್ತರರು, ಅಕ್ಕೋರು ಸೂತ್ರವನ್ನು ಸ್ವಲ್ಪ ದಿನ ಬದಿಗಿಟ್ಟು ಮಕ್ಕಳಿಂದ ಮೊದಲು ಇಳಕಲ್ ಸೀರೆಯ ಕಥೆ ಹೇಳಿಸಲಿ, ‘ಎ’ ಎಲ್ಲಿ, ‘ದಿ’ ಎಲ್ಲಿ ಎಂದು ಆಮೇಲೆ ಕೇಳಲಿ.