ತೋಮಾಸರು ಕಂಡದ್ದು, ತೋಮಾಸರು ನಂಬಿದ್ದು



ಜುಲೈ 3ರಂದು ನಾವು ಪ್ರೇಷಿತರಾದ ಸಂತ ತೋಮಾಸರ ಹಬ್ಬವನ್ನು ಆಚರಿಸುತ್ತೇವೆ. ಭಾರತಕ್ಕೆ ಶುಭಸಂದೇಶವನ್ನು ತಂದವರೆಂದು ಪರಂಪರೆ ಗೌರವಿಸುವ ಇವರಿಗೆ ನಾವು ಕೊಟ್ಟಿರುವ ಬಿರುದು ಮಾತ್ರ 'ಸಂಶಯದ ತೋಮ'. ಮನೆಯಲ್ಲಿ ಮಗನೋ ಮಗಳೋ "ದೇವರಿದ್ದಾರೆಂದು ಹೇಗೆ ಗೊತ್ತು?" ಎಂದು ಕೇಳಿದರೆ ಅವರಿಗೂ ಅದೇ ಬಿರುದು. "ಪ್ರಶ್ನೆ ಕೇಳಬೇಡ, ಸುಮ್ಮನೆ ನಂಬು" ಎಂದು ಬಾಯಿ ಮುಚ್ಚಿಸುತ್ತೇವೆ. ಕಾಲೇಜು ಸೇರಿದ ಮೇಲೆ ಆ ಮಕ್ಕಳು ಪೂಜೆಗೆ ಬರುವುದನ್ನೇ ಬಿಟ್ಟರೆ ಆಶ್ಚರ್ಯವೇಕೆ?

"ಸುಮ್ಮನೆ ನಂಬು" ಎಂಬುದು ಧರ್ಮಸಭೆಯ ಬೋಧನೆಯಲ್ಲ. ಸೃಷ್ಟಿಯಾದ ವಸ್ತುಗಳ ಮೂಲಕ, ಮಾನವ ಬುದ್ಧಿಯ ಸಹಜ ಬೆಳಕಿನಿಂದಲೇ ದೇವರನ್ನು ನಿಶ್ಚಯವಾಗಿ ಅರಿಯಬಹುದೆಂದು ಮೊದಲನೆಯ ವ್ಯಾಟಿಕನ್ ಮಹಾಸಭೆ 1870ರಲ್ಲಿ ಘೋಷಿಸಿತು. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲೂ ಇದೇ ವಿಚಾರವಿದೆ.

ಹಾಗಾದರೆ ದೇವರನ್ನು ಕಣ್ಣಿನಿಂದ ಕಾಣಬಹುದೇ? ಇಲ್ಲ. ದೇವರು ಆತ್ಮಸ್ವರೂಪಿ, ಅವರಿಗೆ ಬಣ್ಣವಿಲ್ಲ, ಗಾತ್ರವಿಲ್ಲ. ದೂರದರ್ಶಕದಲ್ಲಿ ಸಿಗಲಿಲ್ಲ, ಆದ್ದರಿಂದ ದೇವರಿಲ್ಲ ಎನ್ನುವವರಿದ್ದಾರೆ. ಹಾಗೆ ಸಿಕ್ಕಿದ್ದರೆ ಅದು ದೇವರಾಗಿರುತ್ತಲೇ ಇರಲಿಲ್ಲ! ಆದರೂ ಇಂದ್ರಿಯಗಳು ವ್ಯರ್ಥವಲ್ಲ. 13ನೆಯ ಶತಮಾನದ ಸಂತ ತೋಮಾಸ್ ಅಕ್ವಿನಾಸರು ದೇವರ ಅಸ್ತಿತ್ವವನ್ನು ಅರಿಯಲು ಐದು ದಾರಿಗಳನ್ನು ತೋರಿಸಿದರು. ಮೊದಲನೆಯದು ಆರಂಭವಾಗುವುದೇ ಎಲ್ಲರ ಕಣ್ಣಿಗೂ ಬೀಳುವ ಸಂಗತಿಯಿಂದ: ಲೋಕದ ವಸ್ತುಗಳು ಚಲಿಸುತ್ತವೆ, ಬದಲಾಗುತ್ತವೆ.

ಊರ ಹಬ್ಬದ ತೇರನ್ನು ನೆನೆಯಿರಿ. ತೇರನ್ನು ಹಗ್ಗ ಎಳೆಯುತ್ತದೆ. ಆ ಹಗ್ಗಕ್ಕೆ ಇನ್ನೊಂದು ಹಗ್ಗ ಕಟ್ಟಿ, ಅದಕ್ಕೆ ಮತ್ತೊಂದನ್ನು ಕಟ್ಟಿ, ಮೈಲಿಯುದ್ದ ಮಾಡಿ. ಎಳೆಯುವ ಕೈಯೇ ಇಲ್ಲದಿದ್ದರೆ ತೇರು ಅಲುಗದು. ಲೋಕದ ಪ್ರತಿಯೊಂದು ವಸ್ತುವೂ ಹಗ್ಗದ ಹಾಗೆ ಬೇರೊಂದರಿಂದ ಪಡೆದು ಚಲಿಸುತ್ತಿದೆ. ಯಾರಿಂದಲೂ ಪಡೆಯದೆ ಕೊಡುವವರೊಬ್ಬರು ಇರಲೇಬೇಕು. ತೇರು ಮೊದಲು ಯಾವ ವರ್ಷ ಹೊರಟಿತು ಎಂಬುದು ಇಲ್ಲಿ ಪ್ರಶ್ನೆಯಲ್ಲ. ಈ ಕ್ಷಣ ಎಳೆಯುತ್ತಿರುವವರು ಯಾರು ಎಂಬುದು ಪ್ರಶ್ನೆ. ಆದ್ದರಿಂದ ಮಕ್ಕಳು ಶಾಲೆಯಲ್ಲಿ ಕಲಿಯುವ ಮಹಾಸ್ಫೋಟ ಸಿದ್ಧಾಂತಕ್ಕೆ ನಾವು ಹೆದರಬೇಕಾಗಿಲ್ಲ. (ಅದಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರು ಬೆಲ್ಜಿಯಂ ದೇಶದ ಕಥೋಲಿಕ ಗುರು ಜಾರ್ಜ್ ಲೆಮೇತ್ರ್.)

ಬುದ್ಧಿಯ ದಾರಿ ನಿಜವಾದ ದಾರಿ. ಆದರೆ ಮಗುವನ್ನು ಮಣ್ಣು ಮಾಡಿ ಬಂದ ತಾಯಿಯ ಮುಂದೆ ನಾನು ಈ ತೇರಿನ ಉದಾಹರಣೆ ಹೇಳಲಾರೆ. ದೇವರಿದ್ದಾರೆಯೇ ಎಂದು ಆಕೆ ಕೇಳುತ್ತಿಲ್ಲ. ಇದ್ದವರು ನನ್ನ ಕಡೆ ನೋಡಿದರೇ ಎಂದು ಕೇಳುತ್ತಿದ್ದಾಳೆ. ಪ್ರೇಷಿತ ತೋಮಾಸರ ಸಂಕಟವೂ ಆ ಬಗೆಯದೇ. ಅವರು ಯೆಹೂದ್ಯರು, ದೇವರಿದ್ದಾರೆಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಶಿಲುಬೆಯ ಮೇಲೆ ಸತ್ತ ಆ ಯೇಸುವೇ ಜೀವಂತವಾಗಿದ್ದಾರೆಯೇ? ಅದಕ್ಕೇ ಅವರು ಗಾಯಗಳನ್ನೇ ಕಾಣಬೇಕೆಂದರು.

ಪ್ರಭು ಗಾಯಗಳನ್ನು ತೋರಿಸಿದರು. ತೋಮಾಸರು ಮುಟ್ಟಿದರೆಂದು ಸಂತ ಯೊವಾನ್ನರು ಬರೆದಿಲ್ಲ, ಮುಟ್ಟಿಸಿದವರು ಚಿತ್ರಕಾರರು. ಕಣ್ಣಿಗೆ ಕಂಡದ್ದು ಗಾಯಗೊಂಡ ಒಬ್ಬ ಮನುಷ್ಯ. ಆ ಮನುಷ್ಯನನ್ನು ತೋಮಾಸರು ತಮ್ಮ ಪ್ರಭುವೆಂದೂ ದೇವರೆಂದೂ ಕರೆದರು. ಅವರು ಕಂಡದ್ದಕ್ಕಿಂತ ನಂಬಿದ್ದು ಬೇರೆಯೇ ಎಂದು ಪೋಪ್ ಮಹಾ ಗ್ರೆಗೊರಿಯವರು ತಮ್ಮ ಪ್ರಬೋಧನೆಯಲ್ಲಿ ಗುರುತಿಸಿದ್ದಾರೆ.

ಹಬ್ಬದ ಶುಭಸಂದೇಶ ವಾಚನದಲ್ಲಿ ಇನ್ನೊಂದು ವಿವರವಿದೆ, ನಾವು ಗಮನಿಸುವುದೇ ಕಡಿಮೆ. ನಂಬಲಾರೆನೆಂದು ಖಂಡಿತವಾಗಿ ಹೇಳಿದ ತೋಮಾಸರು ಎಂಟು ದಿನಗಳ ನಂತರವೂ ಶಿಷ್ಯರ ಜೊತೆಯಲ್ಲೇ ಇದ್ದರು. ಉಳಿದವರು ಅವರನ್ನು ಆಚೆಗೆ ಕಳುಹಿಸಿರಲಿಲ್ಲ. ಪ್ರಭು ಬಂದಾಗ ಬಾಗಿಲು ಹಾಕಿತ್ತು, ತೋಮಾಸರು ಒಳಗಿದ್ದರು.